ರಾತ್ರಿ ನೀರೂ ಮುಟ್ಟದ ಹಿರಿಯರು ಮತ್ತು ಬಿಪಿ ಮಾತ್ರೆ

ವೈದ್ಯರ ಚೀಟಿಯಲ್ಲಿ ‘ರಾತ್ರಿ ಊಟದ ನಂತರ ಒಂದು’ ಎಂದಿರುತ್ತದೆ. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಅಜ್ಜಿ ಆ ಮಾತ್ರೆಯನ್ನು ಡಬ್ಬಿಯಲ್ಲೇ ಬಿಡುತ್ತಾರೆ. ಮನೆಯವರಿಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ರಕ್ತದೊತ್ತಡ ಏರಿದರೂ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲವಾದ್ದರಿಂದ ಮಾತ್ರೆ ತಪ್ಪುತ್ತಿರುವುದು ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ.

ವಯಸ್ಸಾದಂತೆ ರಕ್ತನಾಳಗಳು ಬಿರುಸಾಗುತ್ತವೆ. ಹೃದಯ ರಕ್ತವನ್ನು ದೂಡಿದಾಗ ಮೊದಲಿನಂತೆ ಹಿಗ್ಗುವುದಿಲ್ಲ. ಹಾಗಾಗಿ ಹಿರಿಯರಲ್ಲಿ ಮೇಲಿನ ಅಂಕಿ 160 ಇದ್ದು ಕೆಳಗಿನದು 80ರಲ್ಲೇ ನಿಂತಿರುವುದು ಅಪರೂಪವಲ್ಲ. ‘ಕೆಳಗಿನದು ಸರಿಯಾಗಿಯೇ ಇದೆಯಲ್ಲ’ ಎಂದು ಸುಮ್ಮನಿರಬೇಡಿ. ಮೇಲಿನ ಅಂಕಿಯೊಂದೇ ಹೆಚ್ಚಿದ್ದರೂ ಪಾರ್ಶ್ವವಾಯು, ಹೃದಯಾಘಾತಗಳ ಅಪಾಯ ಹೆಚ್ಚುತ್ತದೆ.

ಮಾತ್ರೆಯನ್ನು ರಾತ್ರಿಯೇ ನುಂಗಬೇಕೆ? ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ‘ಟೈಮ್’ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬಿಪಿ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಆದ್ದರಿಂದ ‘ನಾವು ರಾತ್ರಿ ಏನೂ ಸೇವಿಸುವುದಿಲ್ಲ’ ಎಂದು ಮೊದಲ ಭೇಟಿಯಲ್ಲೇ ಸಂಕೋಚವಿಲ್ಲದೆ ಹೇಳಿ. ಹೆಚ್ಚಿನ ಮಾತ್ರೆಗಳನ್ನು ವೈದ್ಯರು ಬೆಳಿಗ್ಗೆಗೆ ಅಥವಾ ಸಂಜೆಯ ಊಟದ ಹೊತ್ತಿಗೆ ಬದಲಿಸಿಕೊಡಬಲ್ಲರು. ದಿನಕ್ಕೆ ಎರಡು ಬಾರಿಯ ಮಾತ್ರೆಯಿದ್ದರೆ ಒಂದೇ ಬಾರಿಯದು ಆಗುತ್ತದೆಯೇ ಎಂದೂ ಕೇಳಿ.

ದಶಲಕ್ಷಣ ಪರ್ವದ ಉಪವಾಸಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚಿಸಿ ಒತ್ತಡ ಇಳಿಸುತ್ತವೆ. ಅವನ್ನು ನುಂಗಿ ನೀರಿಲ್ಲದೆ ಉಪವಾಸ ಮಾಡಿದರೆ ದೇಹ ಒಣಗಿ, ಬಸದಿಯಲ್ಲಿ ಕುಳಿತವರು ಎದ್ದಾಗ ಕಣ್ಣು ಕತ್ತಲಿಟ್ಟು ಬೀಳಬಹುದು. ಎಂಬತ್ತರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಚೇತರಿಕೆ ಬಹಳ ಕಷ್ಟ. ಹಾಗೆಂದು ಎಲ್ಲ ಮಾತ್ರೆಗಳನ್ನೂ ನೀವೇ ನಿಲ್ಲಿಸುವುದೂ ಸಲ್ಲದು. ಅಟೆನೊಲಾಲ್, ಕ್ಲೋನಿಡಿನ್‌ನಂಥವನ್ನು ತಟ್ಟನೆ ಬಿಟ್ಟರೆ ಒತ್ತಡ ಮೇಲೇರಬಹುದು. ಮಾತ್ರೆಗಳ ಪಟ್ಟಿ ಹಿಡಿದು ಪರ್ವಕ್ಕೆ ವಾರ ಮೊದಲೇ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಯೂ ಇದ್ದರೆ ಇದು ಕಡ್ಡಾಯ.

ಉಪ್ಪಿನ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಇದರಲ್ಲೇ ಸೇರಿತು. ಸೈಂಧವ ಲವಣದಿಂದ ಬಿಪಿ ಏರದು ಎಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಆದರೆ ಅದರಲ್ಲಿರುವುದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಮನೆಯಲ್ಲಿ ಯಂತ್ರವಿದ್ದರೆ ಹಿರಿಯರನ್ನು ಐದು ನಿಮಿಷ ಮಾತಿಲ್ಲದೆ ಕೂರಿಸಿ ಅಳೆಯಿರಿ. ಬಳಿಕ ನಿಲ್ಲಿಸಿ, ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ, ಉಪವಾಸದ ಸಂಕಲ್ಪಕ್ಕೆ ಮೊದಲು ಆ ಎರಡೂ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ.