ಗುಂಡಿಯಿಂದ ಗೊಬ್ಬರಕ್ಕೆ: ದೇವನಹಳ್ಳಿ ತೋರಿದ ದಾರಿ

ಹಿತ್ತಲಿನ ಶೌಚದ ಗುಂಡಿ ತುಂಬಿತೆಂದರೆ ಗೃಹಸ್ಥನಿಗೆ ನಿದ್ದೆಯಿಲ್ಲ. ರಾಡಿಯನ್ನು ಹೀರುವ ಲಾರಿಯನ್ನು ಕರೆಸಿ, ಕೇಳಿದಷ್ಟು ಹಣ ತೆತ್ತು, ಅದು ಬೀದಿಯ ತಿರುವಿನಲ್ಲಿ ಮರೆಯಾದೊಡನೆ ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ಆ ಲಾರಿ ಎಲ್ಲಿಗೆ ಹೋಯಿತೆಂದು ಕೇಳಿದವರುಂಟೆ? ಊರಾಚೆಯ ಹಳ್ಳಕ್ಕೋ, ಬೀಳುಭೂಮಿಗೋ ಸುರಿದ ರಾಡಿ ಮಳೆಗಾಲದಲ್ಲಿ ಕೆರೆಗೆ ಹರಿಯುತ್ತದೆ, ನೆಲದಲ್ಲಿ ಇಂಗುತ್ತದೆ. ಹಿತ್ತಲ ಬಾಗಿಲಿನಿಂದ ನಾವು ಸಾಗಹಾಕಿದ್ದು ತಲೆಬಾಗಿಲಿನಿಂದ ಬಿಂದಿಗೆಯೊಳಗೆ ಮರಳಿ ಬರುತ್ತದೆ!

ಒಳಚರಂಡಿಯಿಲ್ಲದ ಊರುಗಳೆಲ್ಲಕ್ಕೂ ಇರುವ ಈ ಸಂಕಟಕ್ಕೆ ನಮ್ಮ ನಾಡಿನ ಸಣ್ಣ ಪಟ್ಟಣವೊಂದು ಪರಿಹಾರವನ್ನು ಹುಡುಕಿತು. ಅದು ದೇವನಹಳ್ಳಿ, ಟಿಪ್ಪುವಿನ ಜನ್ಮಸ್ಥಳ, ಚಕ್ಕೋತ ಹಣ್ಣಿಗೆ ಹೆಸರಾದ ಊರು. 2011ರ ಜನಗಣತಿಯಂತೆ ಅಲ್ಲಿದ್ದವರು ಸುಮಾರು 28 ಸಾವಿರ ಮಂದಿ.

ಈ ಸೀಮೆಯ ನೀರಿನ ಸ್ಥಿತಿಯನ್ನು ಮೊದಲು ತಿಳಿಯಬೇಕು. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಮಳೆಯನ್ನೇ ನಂಬಿದ ನದಿ. ಆದುದರಿಂದಲೇ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಇಂಥ ಕಡೆ ಮೇಲಿನ ಊರು ಮಾಡಿದ ಕೊಳೆಯನ್ನು ಕೆಳಗಿನ ಊರು ಉಣ್ಣಬೇಕಾಗುತ್ತದೆ. ಕೆರೆ ಒಣಗಿದಾಗ ಗತಿ ಕೊಳವೆಬಾವಿಯೊಂದೇ. ಶೌಚದ ರಾಡಿ ಅಂತರ್ಜಲಕ್ಕೆ ಸೇರಿದರೆ ನೀರಿನಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದು. ಮೀರಿದರೆ ಹಸುಗೂಸುಗಳಿಗೆ ಅಪಾಯ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ.

2015ರಲ್ಲಿ ದೇವನಹಳ್ಳಿಯಲ್ಲಿ ಗುಂಡಿಗಳ ರಾಡಿಗೆಂದೇ ಒಂದು ಶುದ್ಧೀಕರಣ ಘಟಕವು ಆರಂಭವಾಯಿತು. ಇಡೀ ಪಟ್ಟಣಕ್ಕಾಗಿ ಕಟ್ಟಿದ ಇಂಥ ಘಟಕಗಳಲ್ಲಿ ಭಾರತದಲ್ಲಿಯೇ ಮೊದಲನೆಯದೆಂದು ಅದು ಹೆಸರಾಯಿತು. ಅದರ ಶಕ್ತಿ ದಿನಕ್ಕೆ 6 ಸಾವಿರ ಲೀಟರು. ಭಾರಿ ಯಂತ್ರಗಳ ಆರ್ಭಟ ಅಲ್ಲಿಲ್ಲ. ನೆಲದ ಇಳಿಜಾರು ಮತ್ತು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಮುಖ್ಯ ಕೆಲಸಗಾರರು.

ಅದರ ಕ್ರಮ ಹೀಗೆ: ಲಾರಿ ತಂದ ರಾಡಿ ಮೊದಲು ಜಾಲರಿಯನ್ನು ಹಾಯ್ದು ತೊಟ್ಟಿಗೆ ಇಳಿಯುತ್ತದೆ. ಗಟ್ಟಿ ಭಾಗವು ಗಾಳಿಯಾಡದ ತೊಟ್ಟಿಗಳಲ್ಲಿ ಕೊಳೆತು, ಅನಿಲವನ್ನು ಬಿಟ್ಟು, ಬಳಿಕ ಮರಳು-ಜಲ್ಲಿಗಳ ಮಡಿಗಳ ಮೇಲೆ ಹರಡಿ ಒಣಗುತ್ತದೆ. ಬಸಿದ ನೀರು ಬೇರೆ ತೊಟ್ಟಿಗಳಲ್ಲಿ ತಿಳಿಗೊಂಡು, ಗಿಡಗಳನ್ನು ನೆಟ್ಟ ಜಲ್ಲಿಯ ಹಾಸಿನ ಮೂಲಕ ಸೋಸಿಹೋಗುತ್ತದೆ. ಒಣಗಿದ ರಾಡಿಯನ್ನು ಊರಿನ ಹಸಿ ಕಸದೊಡನೆ ರಾಶಿ ಹಾಕಿ ಕಳಿಸಿದರೆ ಗೊಬ್ಬರ. ರಾಶಿಯ ಒಡಲಿನಲ್ಲಿ ತಾನಾಗಿ ಹುಟ್ಟುವ ಶಾಖ 55 ಡಿಗ್ರಿಯನ್ನು ದಾಟಿ ಕೆಲವು ದಿನ ನಿಂತರೆ ಜಂತುಹುಳುಗಳ ಮೊಟ್ಟೆಯೂ ಉಳಿಯದು. ಕಂಡರೆ ಮೂಗು ಮುಚ್ಚುತ್ತಿದ್ದ ವಸ್ತು ಹೀಗೆ ರೈತನ ಕೈಗೆ ಕಪ್ಪು ಮಣ್ಣಿನಂತೆ ಬಂದು ಸೇರುತ್ತದೆ.

ಇಷ್ಟರಿಂದಲೇ ಊರಿನ ನೀರೆಲ್ಲ ನಿರ್ಮಲವಾಯಿತೆಂದು ತಿಳಿಯಬಾರದು. ಈ ಘಟಕದ ಹೊಣೆ ಗುಂಡಿಯ ರಾಡಿ ಮಾತ್ರ. ಅಡಿಗೆಮನೆಯಿಂದಲೂ ಬಚ್ಚಲಿನಿಂದಲೂ ಮೋರಿಗೆ ಹರಿಯುವ ನೀರಿಗೆ ಬೇರೆಯೇ ಏರ್ಪಾಡು ಬೇಕು. ಲಾರಿಯವನು ಘಟಕದವರೆಗೆ ಬಾರದೆ ನಡುದಾರಿಯಲ್ಲಿಯೇ ಸುರಿದುಹೋದರೆ ಎಂಥ ಘಟಕವಿದ್ದೂ ಫಲವಿಲ್ಲ.

ಆದುದರಿಂದ ಗೃಹಸ್ಥರ ಪಾಲಿನ ಕರ್ತವ್ಯವೂ ಉಂಟು. ಗುಂಡಿ ಉಕ್ಕುವವರೆಗೆ ಕಾಯದೆ ಎರಡು-ಮೂರು ವರ್ಷಗಳಿಗೊಮ್ಮೆ ತೆಗೆಸಬೇಕು. ಯಾವ ಕಾರಣಕ್ಕೂ ಮನುಷ್ಯನನ್ನು ಅದರೊಳಗೆ ಇಳಿಸಬಾರದು. ಒಳಗಿನ ವಿಷಾನಿಲ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ, 2013ರ ಕಾಯಿದೆಯೂ ಅದನ್ನು ನಿಷೇಧಿಸಿದೆ. ಲಾರಿ ಹೊರಡುವ ಮುನ್ನ, “ಇದನ್ನು ಎಲ್ಲಿ ಸುರಿಯುತ್ತೀಯಪ್ಪ?” ಎಂದೊಂದು ಮಾತು ಕೇಳಬೇಕು. ಸರಿಯಾದ ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಪುರಸಭೆಯ ಬಾಗಿಲಿಗೆ ಒಯ್ಯಬೇಕು. ಕೆಳಗಿನ ಕೆರೆಯ ನೀರನ್ನು ಕುಡಿಯುವವರೂ ನಮ್ಮವರೇ ಅಲ್ಲವೆ?