ಟರ್ಬೊ ಕಾರಿಗೆ ಮೆಥನಾಲ್ ಸ್ಪ್ರೇ: ಆ ಒಂದು ಸೆಕೆಂಡ್ ತಡ ಆಗೋದು ಎಲ್ಲಿ?

ಈಗ ಸಣ್ಣ ಪೆಟ್ರೋಲ್ ಕಾರುಗಳಲ್ಲೂ ಟರ್ಬೊ ಬಂದಿದೆ. ಎಂಜಿನ್ 1.0 ಲೀಟರ್ ಅಷ್ಟೇ, ಆದರೆ ಘಾಟಿ ಹತ್ತುವಾಗ ದೊಡ್ಡ ಎಂಜಿನ್ ಹಾಗೆ ಎಳೆಯುತ್ತೆ. ಅದೂ ಸಾಲದು ಎನ್ನುವವರು ಇಸಿಯು ಟ್ಯೂನ್ ಮಾಡಿಸಿ, ಟರ್ಬೊ ಗಾಳಿಯನ್ನು ಇನ್ನಷ್ಟು ಏರಿಸಿ, ಜೊತೆಗೆ ಮೆಥನಾಲ್ ಸ್ಪ್ರೇ ಕಿಟ್ ಕೂರಿಸುತ್ತಾರೆ. ಕಿಟ್ ಕೂರಿಸಿದ ಮೇಲೆ ಕಾಡುವ ತೊಂದರೆ ಒಂದಿದೆ. ಆಕ್ಸಿಲರೇಟರ್ ತುಳಿದ ತಕ್ಷಣ ಟರ್ಬೊ ಗಾಳಿ ಬರುತ್ತೆ, ಸ್ಪ್ರೇ ಮಾತ್ರ ತಡವಾಗಿ ಬರುತ್ತೆ.

ಸ್ಪ್ರೇ ಯಾಕೆ ಬೇಕು ಅನ್ನೋದು ಮೊದಲು. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತಲ್ಲ, ಟರ್ಬೊದಲ್ಲೂ ಅದೇ ಕಥೆ. ಒತ್ತಿ ತುಂಬಿದ ಗಾಳಿ ಕಾಯುತ್ತೆ. ಗಾಳಿ ಮಿತಿಮೀರಿ ಕಾದರೆ ಸಿಲಿಂಡರ್ ಒಳಗಿನ ಪೆಟ್ರೋಲ್ ಕ್ರಮವಾಗಿ ಉರಿಯುವ ಬದಲು ಒಂದು ಮೂಲೆಯಲ್ಲಿ ತಾನಾಗೇ ಸಿಡಿಯುತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಜೋರಾದ ನಾಕಿಂಗ್ ಪಿಸ್ಟನ್ ಒಡೆಯುತ್ತೆ, ಕರಗಿಸಲೂಬಹುದು. ಮೆಥನಾಲ್ ಮತ್ತು ನೀರಿನ ಮಿಶ್ರಣವನ್ನು ಆ ಗಾಳಿಗೆ ಮಂಜಿನಂತೆ ಸಿಂಪಡಿಸಿದರೆ ಅದು ಆವಿಯಾಗುತ್ತಾ ಶಾಖ ಹೀರುತ್ತೆ. ಒಂದು ಕೆಜಿ ಪೆಟ್ರೋಲ್ ಆವಿಯಾಗುವಾಗ ಹೀರುವ ಶಾಖದ ಸುಮಾರು ಮೂರು ಪಟ್ಟನ್ನು ಅಷ್ಟೇ ಮೆಥನಾಲ್ ಹೀರುತ್ತೆ, ನೀರು ಆರು ಪಟ್ಟು.

ಇದೇನೂ ಹೊಸ ಐಡಿಯಾ ಅಲ್ಲ. 1962ರಲ್ಲೇ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರಿಗೆ ಇಂಥದೇ ಮಿಶ್ರಣ ಕೊಟ್ಟಿತ್ತು. ‘ಟರ್ಬೊ ರಾಕೆಟ್ ಫ್ಲೂಯಿಡ್’ ಅಂತ ಅದಕ್ಕೆ ಭರ್ಜರಿ ಹೆಸರು ಬೇರೆ.

ಇನ್ನು ತಡದ ಲೆಕ್ಕಕ್ಕೆ ಬರೋಣ. ಟ್ಯಾಂಕ್ ಮತ್ತು ಪಂಪನ್ನು ಸಾಮಾನ್ಯವಾಗಿ ಡಿಕ್ಕಿಯಲ್ಲಿ ಇಡುತ್ತಾರೆ, ನಾಜಲ್ ಇರೋದು ಬಾನೆಟ್ ಕೆಳಗೆ. ನಡುವೆ ನಾಲ್ಕು ಮೀಟರ್ ಪೈಪ್ ಅಂತಿಟ್ಟುಕೊಳ್ಳಿ. ಪೈಪಿನ ಒಳವ್ಯಾಸ 4 ಮಿ.ಮೀ. ಇದ್ದರೆ ಅದರಲ್ಲಿ ಹಿಡಿಯೋದು ಸುಮಾರು 50 ಎಂ.ಎಲ್. ಪೈಪ್ ಖಾಲಿಯಿದ್ದು, ಪಂಪ್ ನಿಮಿಷಕ್ಕೆ 3 ಲೀಟರ್ ತಳ್ಳಿದರೂ ಅದು ತುಂಬಲು ಪೂರಾ ಒಂದು ಸೆಕೆಂಡ್ ಬೇಕು. ಒಂದು ಸೆಕೆಂಡ್ ತಾನೇ ಅನ್ನಿಸಬಹುದು. ಮೂರು ಸಿಲಿಂಡರ್ ಎಂಜಿನ್ 4000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಆ ಒಂದು ಸೆಕೆಂಡಿನಲ್ಲಿ ನೂರು ಸಲ ಪೆಟ್ರೋಲ್ ಉರಿದಿರುತ್ತೆ. ಸ್ಪ್ರೇ ಇದೆ ಅಂತ ನಂಬಿ ಟ್ಯೂನ್ ಮಾಡಿದ ಎಂಜಿನ್‌ಗೆ ಸ್ಪ್ರೇ ಇಲ್ಲದ ನೂರು ಏಟು.

ಫುಟ್‌ವಾಲ್ವ್ ಗೊತ್ತಿದ್ದವರಿಗೆ ಇದು ಸುಲಭ

ಹೊಳೆದಂಡೆಯ ಪಂಪ್‌ಸೆಟ್‌ನಲ್ಲಿ ಫುಟ್‌ವಾಲ್ವ್ ಸೋರಿದರೆ ಏನಾಗುತ್ತೆ? ರಾತ್ರಿ ಪೈಪಿನ ನೀರೆಲ್ಲ ಇಳಿದುಹೋಗಿ, ಬೆಳಿಗ್ಗೆ ಕೊಡದಲ್ಲಿ ನೀರು ಹುಯ್ದೇ ಮೋಟರ್ ಹಾಕಬೇಕು. ಕಾರಿನಲ್ಲೂ ಹಾಗೇ, ಆದರೆ ಇಲ್ಲಿ ನೀರು ಹೋಗೋದು ಎರಡು ಕಡೆಗೆ. ನಾಜಲ್‌ಗಿಂತ ಕೆಳಗಿರುವ ಟ್ಯಾಂಕಿಗೆ ಅದು ವಾಪಸ್ ಇಳಿಯಬಹುದು. ಇಲ್ಲವೇ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಅದನ್ನು ಎಳೆದುಕೊಳ್ಳಬಹುದು. ನಾಜಲ್ ಥ್ರಾಟಲ್ ದಾಟಿದ ಮೇಲೆ ಕೂತಿದ್ದರೆ ಈ ಎಳೆತ ಜಾಸ್ತಿ, ಯಾಕೆಂದರೆ ಅಲ್ಲಿ ನಿರ್ವಾತ ಇರುತ್ತೆ. ಹೀಗೆ ಒಳಹೋದ ದ್ರವ ಮ್ಯಾನಿಫೋಲ್ಡ್‌ನಲ್ಲಿ ನಿಂತರೆ ಅದು ಬೇರೆಯೇ ತಲೆನೋವು.

ಹಾಗಾಗಿ ತಡ ಕಡಿಮೆ ಮಾಡುವ ಮೊದಲ ಕೆಲಸ ದೊಡ್ಡ ಪಂಪ್ ತರೋದಲ್ಲ, ಪೈಪ್ ಯಾವಾಗಲೂ ತುಂಬಿರುವಂತೆ ನೋಡಿಕೊಳ್ಳೋದು. ನಾಜಲ್‌ಗೆ ಆದಷ್ಟು ಹತ್ತಿರ ಸ್ಪ್ರಿಂಗ್ ಇರುವ ಚೆಕ್ ವಾಲ್ವ್ ಬೇಕು. ಎಂಜಿನ್ನಿನ ನಿರ್ವಾತ ಎಷ್ಟೇ ಎಳೆದರೂ ಒಂದು ಬಾರ್ ದಾಟುವುದಿಲ್ಲ. ವಾಲ್ವ್ ತೆರೆಯಲು ಅದಕ್ಕಿಂತ ಹೆಚ್ಚು ಒತ್ತಡ ಬೇಕಾಗುವಂತಿದ್ದರೆ ಸೋರಿಕೆ ನಿಲ್ಲುತ್ತೆ. ಅದಕ್ಕಿಂತ ಒಳ್ಳೆಯದು ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟ್ ಕೊಟ್ಟಾಗ ಮಾತ್ರ ತೆರೆಯುವಂಥದ್ದು.

ಅಡಿಕೆಗೆ ಬೋರ್ಡೊ ಹೊಡೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗನ್ನಿನ ಕೀಲಿ ಕೈಯಲ್ಲೇ ಇದ್ದು, ಪೈಪಿನಲ್ಲಿ ಒತ್ತಡ ತುಂಬಿದ್ದರೆ ಒತ್ತಿದ ಕ್ಷಣ ಔಷಧಿ ಹಾರುತ್ತೆ. ಗನ್ ತೆರೆದಿಟ್ಟು ಕೆಳಗೆ ಮೋಟರ್ ಚಾಲೂ ಮಾಡಿದರೆ ಮರದ ಮೇಲಿರುವವನು ಕಾಯುತ್ತಾ ಕೂರಬೇಕು. ಕಾರಿನಲ್ಲಿ ಬಳಸುವ ಡಯಾಫ್ರಾಮ್ ಪಂಪ್ ಮನೆಯ ಆರ್‌ಓ ಫಿಲ್ಟರ್ ಪಂಪಿನ ಜಾತಿಯದೇ. ಒತ್ತಡ ಸಾಕಾದಾಗ ತಾನೇ ನಿಲ್ಲುವ ಸ್ವಿಚ್ ಇರುವ ಪಂಪ್ ಹಾಕಿ, ತುದಿಯಲ್ಲಿ ವಾಲ್ವ್ ಇಟ್ಟರೆ ಪೈಪ್ ಸದಾ ಒತ್ತಡದಲ್ಲೇ ಇರುತ್ತೆ. ಆಗ ಉಳಿಯೋದು ವಾಲ್ವ್ ತೆರೆಯುವಷ್ಟು ಹೊತ್ತು ಮಾತ್ರ.

ಪೈಪಿನಲ್ಲಿ ಗಾಳಿ ಉಳಿದಿದ್ದರೆ ಈ ಖರ್ಚೆಲ್ಲ ದಂಡ. 20 ಎಂ.ಎಲ್. ಗಾಳಿಯನ್ನು ಹತ್ತು ಪಟ್ಟು ಒತ್ತಡಕ್ಕೆ ಏರಿಸಿದರೆ ಅದು 2 ಎಂ.ಎಲ್.ಗೆ ಕುಗ್ಗುತ್ತೆ. ಆ 18 ಎಂ.ಎಲ್. ಜಾಗ ತುಂಬುವವರೆಗೆ ನಾಜಲ್‌ನಲ್ಲಿ ಸರಿಯಾದ ಮಂಜು ಬರಲ್ಲ, ಹನಿ ಉದುರುತ್ತೆ. ಮೆತ್ತನೆ ರಬ್ಬರ್ ಪೈಪ್ ಉಬ್ಬಿಕೊಂಡೂ ಇದೇ ತೊಂದರೆ ಕೊಡುತ್ತೆ, ಸಾಲದ್ದಕ್ಕೆ ಎಷ್ಟೋ ಬಗೆಯ ರಬ್ಬರನ್ನು ಮೆಥನಾಲ್ ಹಾಳುಮಾಡುತ್ತೆ. ಗಟ್ಟಿ ನೈಲಾನ್ ಪೈಪ್ ಹಾಕಿ, ಸಾಧ್ಯವಾದಷ್ಟು ಚಿಕ್ಕದು ಮಾಡಿ, ಮೊದಲ ಸಲ ಗಾಳಿಯನ್ನು ಪೂರ್ತಿ ಹೊರಹಾಕಬೇಕು. ಪಂಪಿಗೆ ತೆಳು ವೈರ್ ಎಳೆದು ದುಡ್ಡು ಉಳಿಸುವವರೂ ಇದ್ದಾರೆ. ವೋಲ್ಟೇಜ್ ಬಿದ್ದರೆ ಪಂಪ್ ಏಳುವುದೇ ನಿಧಾನ, ಬ್ಯಾಟರಿಯಿಂದ ನೇರ ದಪ್ಪ ವೈರ್ ಮತ್ತು ರಿಲೇ ಬೇಕು.

ಸ್ವಿಚ್ ಯಾವ ಒತ್ತಡಕ್ಕೆ ಆನ್ ಆಗಬೇಕು ಅನ್ನೋದೂ ಮುಖ್ಯ. ಟರ್ಬೊ ಪೂರ್ತಿ ಗಾಳಿ ಕೊಟ್ಟ ಮೇಲೆ ಆನ್ ಆದರೆ ಆಗಲೇ ತಡ. ಸ್ವಲ್ಪ ಮುಂಚೆಯೇ ಶುರುವಾಗಬೇಕು. ತೀರಾ ಮುಂಚೆ ಆದರೆ ಎಂಜಿನ್ ಮುಗ್ಗರಿಸುತ್ತೆ.

ತಡ ಎಷ್ಟಿದೆ ಅಂತ ಅಳೆಯಲು ಮೊಬೈಲ್ ಸಾಕು. ಎಂಜಿನ್ ಬಂದ್ ಮಾಡಿ, ಟ್ಯಾಂಕಿಗೆ ಬರೀ ನೀರು ಹಾಕಿ, ನಾಜಲ್ ಬಿಚ್ಚಿ ಬಾಟಲಿಯೊಳಗೆ ಹಿಡಿಯಿರಿ. ಪಂಪಿನ ವೈರಿಗೆ ಸಣ್ಣ ಬಲ್ಬ್ ಸಿಕ್ಕಿಸಿ, ಬಲ್ಬ್ ಮತ್ತು ನಾಜಲ್ ಎರಡೂ ಕಾಣುವಂತೆ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಬಲ್ಬ್ ಹತ್ತಿದ ಫ್ರೇಮಿನಿಂದ ಮಂಜು ಬಂದ ಫ್ರೇಮಿನವರೆಗೆ ಎಣಿಸಿದರೆ, 24 ಫ್ರೇಮಿಗೆ ಸೆಕೆಂಡಿನ ಹತ್ತನೇ ಒಂದು ಭಾಗ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ನೋಡಿ. ತಡ ಹೆಚ್ಚಾಗಿದ್ದರೆ ಪೈಪ್ ಎಲ್ಲೋ ಖಾಲಿಯಾಗುತ್ತಿದೆ ಅಂತಲೇ ಅರ್ಥ.

ಇಷ್ಟು ಮಾಡಿದರೂ ಟ್ಯಾಂಕ್ ಖಾಲಿಯಾದರೆ? ಜೆಟ್‌ಫೈರ್‌ನಲ್ಲಿ ದ್ರವ ಮುಗಿದರೆ ಟರ್ಬೊ ಒತ್ತಡವನ್ನು ತಡೆಯುವ ವ್ಯವಸ್ಥೆ ಆಗಲೇ ಇತ್ತು. ಮಾಲೀಕರು ದ್ರವ ತುಂಬಿಸುವುದನ್ನೇ ಮರೆಯುತ್ತಿದ್ದರು, ಕಾರು ಎಳೆಯೋದಿಲ್ಲ ಅಂತ ಗೊಣಗುತ್ತಿದ್ದರು. ಆದರೆ ಎಂಜಿನ್ ಉಳಿಯುತ್ತಿತ್ತು. ಹರಿವು ನಿಂತರೆ ಟರ್ಬೊ ಒತ್ತಡ ಇಳಿಸುವ ಸೆನ್ಸರ್ ಇಲ್ಲದ ಕಿಟ್ ಎಷ್ಟೇ ಅಗ್ಗವಿದ್ದರೂ ಬೇಡ.

ಮೆಥನಾಲ್ ವಿಷ ಅನ್ನೋದನ್ನು ಗ್ಯಾರೇಜಿನವರೂ ಅಂಗಡಿಯವರೂ ನೆನಪಿಡಬೇಕು. ತಮಿಳುನಾಡಿನ ಕಳ್ಳಕುರಿಚಿಯಲ್ಲಿ 2024ರ ಜೂನ್‌ನಲ್ಲಿ 60ಕ್ಕೂ ಹೆಚ್ಚು ಜನರ ಜೀವ ತೆಗೆದ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ. ಕುಡಿಯುವ ನೀರಿನ ಬಾಟಲಿಗೆ ಅದನ್ನು ಯಾವತ್ತೂ ಬಗ್ಗಿಸಬೇಡಿ, ಕೈಗವಸು ಇಲ್ಲದೆ ಮುಟ್ಟಬೇಡಿ. ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣೋದೇ ಕಷ್ಟ. ಮಾರಲು, ದಾಸ್ತಾನು ಇಡಲು ಪರವಾನಗಿ ಬೇಕು. ಕಂಪನಿ ಕೊಟ್ಟ ವಾಹನದ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಎಂಜಿನ್ ವಾರಂಟಿ, ವಿಮೆ ಎರಡರ ಕಾಗದವನ್ನೂ ಕಿಟ್ ಬಿಚ್ಚುವ ಮೊದಲೇ ಒಮ್ಮೆ ಓದಿಕೊಳ್ಳಿ.