ಕಂಪ್ಯೂಟರ್ ಕೆಟ್ಟಿದೆ ಎನ್ನುವ ಮುನ್ನ

ಮದುವೆ ಮನೆಗೆ ವೈದ್ಯರು ಬಂದರೆ ಸಾಕು, ಊಟದ ಪಂಕ್ತಿಯಲ್ಲೇ ಯಾರಾದರೊಬ್ಬರು ಮಂಡಿನೋವಿನ ಪ್ರಸ್ತಾಪ ತೆಗೆಯುತ್ತಾರೆ. ವಕೀಲರನ್ನು ಕಂಡರೆ ಸೈಟಿನ ವ್ಯಾಜ್ಯ ನೆನಪಾಗುತ್ತದೆ. ಕಳೆದ ಎರಡು ಮೂರು ದಶಕಗಳಲ್ಲಿ ಈ ಸಾಲಿಗೆ ಸೇರಿಕೊಂಡವರು ಎಂಜಿನಿಯರುಗಳು. ಓದಿದ್ದು ಸೇತುವೆ ಕಟ್ಟುವ ವಿದ್ಯೆಯೇ ಆಗಿರಲಿ, ಎಂಜಿನಿಯರ್ ಎಂದ ಮೇಲೆ ಕಂಪ್ಯೂಟರ್ ರಿಪೇರಿ ಗೊತ್ತಿರಲೇಬೇಕು ಎಂಬುದು ನಮ್ಮ ಬಂಧುಬಳಗದ ದೃಢ ನಂಬಿಕೆ. ನಾನಂತೂ ಎಲೆಕ್ಟ್ರಾನಿಕ್ಸ್ ಓದಿ, ಮೂವತ್ತು ವರ್ಷ ಈ ಯಂತ್ರಗಳ ನಡುವೆಯೇ ದುಡಿದವನು. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಫೋನ್ ಕರೆಗಳೆಲ್ಲ ಒಂದೇ ಮಾತಿನಿಂದ ಆರಂಭವಾಗುತ್ತವೆ: 'ಕಂಪ್ಯೂಟರ್ ಕೆಟ್ಟಿದೆ.'

ಇಂಥ ಕರೆಗಳಿಗೆ ಓಗೊಟ್ಟು ನಾನು ಕಂಡುಕೊಂಡ ಸತ್ಯವೆಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಯಂತ್ರ ಕೆಟ್ಟಿರುವುದಿಲ್ಲ. ಏನಾಗಿದೆ ಎಂದು ಕ್ರಮವಾಗಿ ಕೇಳಿಕೊಳ್ಳುವ ಅಭ್ಯಾಸ ಇರುವುದಿಲ್ಲ, ಅಷ್ಟೆ. ಈ ಅಭ್ಯಾಸಕ್ಕೆ ಪದವಿ ಬೇಕಿಲ್ಲ. ಆದರೆ ಅದು ಇಲ್ಲದಿದ್ದರೆ ತೆರಬೇಕಾದ ಬೆಲೆ ಕೆಲವೊಮ್ಮೆ ಹಣದಲ್ಲಿ ಎಣಿಸಲಾಗದಷ್ಟು ದೊಡ್ಡದು.

ಎಂಜಿನಿಯರುಗಳ ಮಾತಿನಲ್ಲಿ ದೋಷಕ್ಕೆ 'ಬಗ್' ಎಂಬ ಹೆಸರಿದೆ, ಹಾಗೆಂದರೆ ಹುಳು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಗಣಕದ ರಿಲೇಯೊಂದರಲ್ಲಿ ನಿಜಕ್ಕೂ ಒಂದು ಪತಂಗ ಸಿಕ್ಕಿಹಾಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದರು. ಆ ಪುಟ ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಪದ ಅದಕ್ಕಿಂತ ಹಳೆಯದು. ಥಾಮಸ್ ಎಡಿಸನ್ 1878ರಲ್ಲೇ ಅದನ್ನು ಬಳಸಿದ್ದ. ಆ ಕೆಲಸಗಾರರಿಂದ ನಾವು ಕಲಿಯಬೇಕಾದದ್ದು ಪದವನ್ನಲ್ಲ, ಪದ್ಧತಿಯನ್ನು. ದೋಷ ಕಂಡಾಗ ಅವರು ಹುಡುಕಿದರು, ಕಾರಣವನ್ನು ಕೈಯಲ್ಲಿ ಹಿಡಿದರು, ಬರೆದಿಟ್ಟರು.

ನಾನು ಕೊಡುವ ಮೊದಲ ಸಲಹೆ ಎಲ್ಲರಿಗೂ ನಗು ತರಿಸುತ್ತದೆ: 'ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.' ಇದು ಕೈಲಾಗದವರ ಮಾತೆಂದು ಹಲವರು ಭಾವಿಸುತ್ತಾರೆ. ಅದರ ಹಿಂದೆ ತರ್ಕವಿದೆ. ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶಗಳು ಅದರ ಸ್ಮೃತಿಯಲ್ಲಿ ಒಂದಿಷ್ಟು ಜಾಗವನ್ನು ಕಡ ಪಡೆಯುತ್ತವೆ. ಗ್ರಂಥಾಲಯದಿಂದ ಪುಸ್ತಕ ಒಯ್ದು ಮರಳಿಸದ ಓದುಗರಂತೆ ಕೆಲವು ತಂತ್ರಾಂಶಗಳು ಆ ಜಾಗವನ್ನು ಬಿಟ್ಟುಕೊಡುವುದಿಲ್ಲ. ದಿನಗಳು ಉರುಳಿದಂತೆ ಯಂತ್ರ ಏದುಸಿರು ಬಿಡತೊಡಗುತ್ತದೆ. ಮರುಚಾಲನೆಯಿಂದ ಎಲ್ಲರ ಲೆಕ್ಕವೂ ಚುಕ್ತಾ ಆಗಿ ಕೆಲಸ ಹೊಸದಾಗಿ ಆರಂಭವಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ 'ಶಟ್‌ಡೌನ್' ಮಾಡಿದಾಗ ಯಂತ್ರ ಸಾಮಾನ್ಯವಾಗಿ ಪೂರ್ಣವಾಗಿ ಮರೆಯುವುದಿಲ್ಲ. ಬೇಗ ಎಚ್ಚರಗೊಳ್ಳಲೆಂದು ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. 'ರೀಸ್ಟಾರ್ಟ್' ಒತ್ತಿದಾಗ ಮಾತ್ರ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತದೆ. 'ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದೆ, ಆದರೂ ಹಾಗೇ ಇದೆ' ಎಂದು ದೂರುವವರು ಗಮನಿಸಬೇಕಾದ ವ್ಯತ್ಯಾಸವಿದು.

ಮರುಚಾಲನೆ ಎಷ್ಟು ಗಂಭೀರ ಸಂಗತಿಯೆಂಬುದಕ್ಕೆ 1991ರ ಕೊಲ್ಲಿ ಯುದ್ಧದಲ್ಲಿ ದುರಂತ ನಿದರ್ಶನವೊಂದಿದೆ. ಸೌದಿ ಅರೇಬಿಯಾದ ಧಹರಾನ್‌ನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಣಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾಲವನ್ನು ಎಣಿಸುತ್ತಿತ್ತು. ಈ ಭಿನ್ನರಾಶಿಯನ್ನು ಗಣಕದ ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಬರೆಯಲಾಗದು. ಕಣದಷ್ಟು ತಪ್ಪು ಸೇರುತ್ತಾ ಹೋಗಿ, ನೂರು ಗಂಟೆ ಎಡೆಬಿಡದೆ ಓಡಿದ ಬಳಿಕ ಗಡಿಯಾರ ಸುಮಾರು 0.34 ಸೆಕೆಂಡು ತಪ್ಪಿತ್ತು. ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ವ್ಯವಸ್ಥೆ ತಪ್ಪಾದ ಜಾಗದಲ್ಲಿ ಹುಡುಕಿತು. ಫೆಬ್ರುವರಿ 25ರಂದು 28 ಸೈನಿಕರು ಸತ್ತರು. ದೀರ್ಘಕಾಲ ಓಡಿಸಿದರೆ ಗುರಿ ತಪ್ಪುತ್ತದೆಂಬ ಎಚ್ಚರಿಕೆ ಮೊದಲೇ ಹೋಗಿತ್ತು. 'ದೀರ್ಘಕಾಲ' ಎಂದರೆ ಎಷ್ಟು ಗಂಟೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಸರಿಪಡಿಸಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ. ತೀರಾ ಈಚೆಗೆ, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದಲ್ಲೂ ವಿಮಾನ ಪ್ರಯಾಣಿಕರು ಕೈಬರಹದ ಬೋರ್ಡಿಂಗ್ ಪಾಸ್ ಹಿಡಿದು ಹೋದರು. ಆಗ ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ಹೇಳಿದ ಉಪಾಯಗಳಲ್ಲೊಂದು ಮತ್ತೆ ಮತ್ತೆ, ಹದಿನೈದು ಬಾರಿಯವರೆಗೂ, ರೀಸ್ಟಾರ್ಟ್ ಮಾಡುವುದಾಗಿತ್ತು!

ಎರಡನೆಯ ಸಲಹೆ: ದೊಡ್ಡ ಕಾರಣ ಹುಡುಕುವ ಮೊದಲು ಸಣ್ಣದನ್ನು ನೋಡಿ. ಪ್ಲಗ್ ಸಡಿಲವಾಗಿದೆಯೇ? ಮಾನಿಟರಿನ ಕೇಬಲ್ ಸರಿಯಾಗಿ ಕೂತಿದೆಯೇ? ಡಿಸ್ಕ್ ಭರ್ತಿಯಾಗಿದೆಯೇ? ಒಮ್ಮೆ ಹಿರಿಯರೊಬ್ಬರು ಕರೆ ಮಾಡಿ, ಬ್ಯಾಂಕಿನ ಜಾಲತಾಣವೂ ಸೇರಿದಂತೆ ಎಲ್ಲ ತಾಣಗಳೂ 'ಸುರಕ್ಷಿತವಲ್ಲ' ಎನ್ನುತ್ತಿವೆ, ಖಾತೆಗೆ ಕನ್ನ ಬಿದ್ದಿರಬೇಕೆಂದು ಗಾಬರಿಪಟ್ಟರು. ಪರದೆಯ ಮೂಲೆಯಲ್ಲಿರುವ ದಿನಾಂಕ ಓದಿ ಎಂದೆ. ಯಂತ್ರ ಎಷ್ಟೋ ವರ್ಷ ಹಿಂದಿನ ಜನವರಿ ಒಂದನೇ ತಾರೀಕಿನಲ್ಲಿ ಬದುಕುತ್ತಿತ್ತು. ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಸಣ್ಣ ಬ್ಯಾಟರಿಯೊಂದಿರುತ್ತದೆ. ವಿದ್ಯುತ್ ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಅದು ಮುಗಿದರೆ ದಿನಾಂಕ ಹಿಂದೆ ಸರಿಯುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ಹಿಂದಿನ ಕಾಲದಲ್ಲಿರುವ ಯಂತ್ರಕ್ಕೆ ಎಲ್ಲವೂ ಸುಳ್ಳಾಗಿ ಕಾಣುತ್ತದೆ. ಕಳ್ಳನೂ ಇರಲಿಲ್ಲ, ಕನ್ನವೂ ಇರಲಿಲ್ಲ. ಗಡಿಯಾರದ ಅಂಗಡಿಯಲ್ಲೂ ಸಿಗುವ ಒಂದು ಬ್ಯಾಟರಿಯಿಂದ ಕೆಲಸ ಮುಗಿಯಿತು.

ಮೂರನೆಯದು: ಯಂತ್ರ ಹೇಳುವುದನ್ನು ಓದಿ. ದೋಷದ ಸೂಚನೆ ಮೂಡಿದ ಕ್ಷಣವೇ 'ಓಕೆ' ಒತ್ತಿ ಅದನ್ನು ಓಡಿಸಿಬಿಡುವವರೇ ಹೆಚ್ಚು. 'ಏನೋ ಇಂಗ್ಲಿಷಿನಲ್ಲಿ ಬಂತು, ಹೋಯಿತು' ಎಂದರೆ ರೋಗಿ ತನ್ನ ನೋವು ಎಲ್ಲಿದೆಯೆಂದು ಹೇಳದೆ ಔಷಧ ಕೇಳಿದಂತೆ. ಆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ತೊಂದರೆ ಆರಂಭವಾಗುವ ಮೊದಲು ಏನು ಬದಲಾಯಿತು, ಹೊಸ ತಂತ್ರಾಂಶವೇ, ಹೊಸ ಪ್ರಿಂಟರೇ, ನೆನಪಿಸಿಕೊಳ್ಳಿ. ಸರಿಪಡಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಅದೇ ತೊಂದರೆ ಮರಳಿದಾಗ ಮತ್ತೆ ಕತ್ತಲೆ.

ಈ ಕ್ರಮ ಎಷ್ಟು ಬೆಲೆಬಾಳುತ್ತದೆಂದು ನನಗೆ ಮನದಟ್ಟಾದ ಪ್ರಸಂಗವೊಂದನ್ನು ಹೇಳಬೇಕು. ನಮ್ಮ ಬಡಾವಣೆಯ ಹಿರಿಯ ಮಹಿಳೆಯೊಬ್ಬರ ಪತಿ ನಿವೃತ್ತ ಅಧ್ಯಾಪಕರು. 2004ರ ಸುಮಾರಿನಲ್ಲಿ ತಮ್ಮ ಹುಟ್ಟೂರಿನ ನೆನಪುಗಳನ್ನು ತಾವೇ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮೊಮ್ಮಗ ಆ ಕಡತಗಳನ್ನು ತನ್ನ ಹೊಸ ಲ್ಯಾಪ್‌ಟಾಪಿಗೆ ನಕಲು ಮಾಡಿ ತೆರೆದರೆ, ಪುಟದ ತುಂಬ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ನೆತ್ತಿಯ ಮೇಲೆ ಗೀಟು ಹೊತ್ತ ಅಕ್ಷರಗಳ ಸಂತೆ. ಅಂಗಡಿಯವನು ನೋಡಿ, 'ವೈರಸ್ ಹೊಡೆದಿದೆ, ಫೈಲೆಲ್ಲಾ ಕರಪ್ಟ್ ಆಗಿದೆ, ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಡೋಣ' ಎಂದನಂತೆ. 'ಓದೋಕೆ ಆಗದಿದ್ರೂ ಪರವಾಗಿಲ್ಲ, ಅಳಿಸೋದು ಮಾತ್ರ ಬೇಡಪ್ಪ ಅಂತ ಹೇಳಿ ತಂದುಬಿಟ್ಟೆ' ಎಂದರು ಆಕೆ.

ಪರದೆಯನ್ನು ಸ್ವಲ್ಪ ಹೊತ್ತು ನೋಡಿದೆ. ಆ ಗೋಜಲಿನಲ್ಲಿ ಶಿಸ್ತಿತ್ತು. ಪದಗಳ ನಡುವೆ ತೆರಪು, ವಾಕ್ಯದ ಕೊನೆಗೆ ಚುಕ್ಕಿ, ಒಂದೇ ಗುಂಪಿನ ಅಕ್ಷರಗಳು ಮತ್ತೆ ಮತ್ತೆ. ಹಾಳಾದ ಕಡತ ಹೀಗಿರುವುದಿಲ್ಲ. 'ಅಮ್ಮ, ಇದು ಕೆಟ್ಟಿಲ್ಲ. ಓದುವ ಕನ್ನಡಕ ಕಳೆದಿದೆ, ಅಷ್ಟೆ' ಎಂದೆ.

ಕಾರಣ ನಮ್ಮ ಭಾಷೆಯ ಗಣಕ ಚರಿತ್ರೆಯಲ್ಲಿದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ವಿಂಡೋಸ್ ಅದನ್ನು ಕನ್ನಡಕ್ಕೆ ಒದಗಿಸಿದ್ದು 2001ರಲ್ಲಿ ಬಂದ ಎಕ್ಸ್‌ಪಿ ಆವೃತ್ತಿಯಿಂದ. ಅಲ್ಲಿಯವರೆಗೆ, ಅದರ ನಂತರವೂ ಬಹುಕಾಲ, ನುಡಿ, ಬರಹ ಮುಂತಾದ ತಂತ್ರಾಂಶಗಳೇ ನಮ್ಮ ಕೈಹಿಡಿದವು. ಅವುಗಳ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ; ಇಲ್ಲದಿದ್ದರೆ ಗೋಜಲು. ಆ ಫಾಂಟನ್ನು ಹುಡುಕಿ ಸೇರಿಸಿದೆವು. ಪುಟ ಕನ್ನಡವಾಯಿತು. ಆಮೇಲೆ ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು ತಪ್ಪಿದ ಕಡೆಗಳನ್ನು ಕೈಯಿಂದ ತಿದ್ದಿದೆವು. ಆಕೆ ಕುರ್ಚಿ ಹತ್ತಿರ ಎಳೆದುಕೊಂಡು ಮೊದಲ ಪುಟವನ್ನು ಗಟ್ಟಿಯಾಗಿ ಓದತೊಡಗಿದರು. ಮೂರನೇ ಸಾಲಿನಲ್ಲಿ ನಿಲ್ಲಿಸಿ, 'ಇದು ಅವರು ಮಾತಾಡಿದ ಹಾಗೇ ಇದೆ' ಎಂದರು.

ಇಂಥ ಕಡತಗಳು ನಮ್ಮ ಎಷ್ಟು ಮನೆಗಳಲ್ಲಿ, ಸಣ್ಣ ಪ್ರಕಾಶನಗಳಲ್ಲಿ, ಸಂಘಸಂಸ್ಥೆಗಳ ಕಪಾಟುಗಳಲ್ಲಿ ಇವೆಯೋ! ಹಳೆಯ ಫಾಂಟಿನ ಹೆಸರು ಬಲ್ಲವರು ಇರುವಾಗಲೇ ಅವನ್ನು ಯೂನಿಕೋಡಿಗೆ ತಂದಿಡುವುದು ಒಳ್ಳೆಯದು. ಹಾಗೆಯೇ ಪ್ರತಿಯೊಂದಕ್ಕೂ ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯ ಹೊರಗೆ ಬೇರೆಡೆ ಇರಲಿ. ತಪ್ಪಿ ಅಳಿಸಿಹೋದರೆ ಆ ಕ್ಷಣವೇ ಆ ಡಿಸ್ಕನ್ನು ಬಳಸುವುದು ನಿಲ್ಲಿಸಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ 'ಡಿಲೀಟ್' ಎಂದರೆ ಜಾಗ ಖಾಲಿಯೆಂದು ಗುರುತು ಹಾಕುವುದಷ್ಟೆ. ಮೇಲೆ ಹೊಸತು ಬರೆಯುವವರೆಗೆ ಹಳೆಯದು ಉಳಿದಿರುತ್ತದೆ. ಈಗಿನ ಎಸ್‌ಎಸ್‌ಡಿಗಳು ಅಷ್ಟು ಉದಾರಿಗಳಲ್ಲ. ಅವುಗಳಲ್ಲಿ ಅಳಿಸಿದ್ದು ಬೇಗನೆ ನಿಜಕ್ಕೂ ಅಳಿದುಹೋಗುತ್ತದೆ.

ಆ ಅಂಗಡಿಯವನನ್ನು ನಾನು ದೂರುವುದಿಲ್ಲ. ಅವನಿಗೆ ಗಿರಾಕಿಗಳ ಸಾಲಿದೆ, ಸಮಯವಿಲ್ಲ. ಭಯವನ್ನೇ ಬಂಡವಾಳ ಮಾಡಿಕೊಂಡವರ ಕಥೆ ಬೇರೆ. ಪರದೆ ತುಂಬ ಕೆಂಪು ಎಚ್ಚರಿಕೆ, ಕರ್ಕಶ ಸದ್ದು, 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ' ಎಂಬ ಆದೇಶ ಕಂಡರೆ ಅದು ಮೋಸವೆಂದೇ ತಿಳಿಯಿರಿ. ಯಾವ ನಿಜವಾದ ವೈರಸ್ ನಿರೋಧಕವೂ ಹೀಗೆ ಫೋನ್ ಮಾಡಿಸುವುದಿಲ್ಲ. ಬ್ರೌಸರನ್ನು ಮುಚ್ಚಿ, ಮುಚ್ಚಲಾಗದಿದ್ದರೆ ಯಂತ್ರವನ್ನೇ ಆಫ್ ಮಾಡಿ. ಅಪರಿಚಿತರ ಮಾತು ಕೇಳಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಇನ್ನೊಂದು ಪ್ರಶ್ನೆ ನನಗೆ ಈಚೆಗೆ ಪದೇಪದೇ ಎದುರಾಗುತ್ತಿದೆ: 'ಹಳೆಯದನ್ನು ಎಸೆದುಬಿಡಲೇ?' ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಇಲ್ಲದ, ಆದರೆ ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳು ಇದರಿಂದ ಅನಾಥವಾದವು. ಅವುಗಳಲ್ಲಿ ಉಚಿತವಾದ ಲಿನಕ್ಸ್ ಹಾಕಿಕೊಂಡು ಪತ್ರ ಬರೆಯಬಹುದು, ಅಂತರಜಾಲ ನೋಡಬಹುದು, ಕನ್ನಡ ಟೈಪಿಸಬಹುದು. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷದ ಯಂತ್ರವೂ ಚುರುಕಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಮಳಿಗೆಗಳು ಇಂದಿಗೂ ಬದುಕಿರುವುದು ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡುವವರಿಂದಲೇ.

ಕೊನೆಯದಾಗಿ, ನೆರವು ನೀಡುವ ಕಿರಿಯರಿಗೆ ಒಂದು ಮಾತು. ಅಪ್ಪ ಅಮ್ಮನ ಕೈಯಿಂದ ಮೌಸ್ ಕಸಿದುಕೊಂಡು ಹತ್ತು ಸೆಕೆಂಡಿನಲ್ಲಿ ಸರಿಪಡಿಸಿ ಎದ್ದುಹೋದರೆ ಯಂತ್ರ ಸರಿಹೋಗುತ್ತದೆ, ಅವರ ಅಂಜಿಕೆ ಹಾಗೆಯೇ ಉಳಿಯುತ್ತದೆ. ಪಕ್ಕದಲ್ಲಿ ಕೂತು, ಮೌಸ್ ಅವರ ಕೈಯಲ್ಲೇ ಇರಲು ಬಿಟ್ಟು, 'ಏನೆಂದು ಬರೆದಿದೆ, ಓದಿ' ಎನ್ನಿ. ಹತ್ತು ಸೆಕೆಂಡಿನ ಕೆಲಸ ಅರ್ಧ ಗಂಟೆಯಾಗುತ್ತದೆ, ನಿಜ. ಮಗ್ಗಿ ತಪ್ಪಿದಾಗಲೆಲ್ಲ ಮೊದಲಿನಿಂದ ಹೇಳಿಸಿದವರು ಅವರೇ ಅಲ್ಲವೇ? ಆಗ ಅವರು ಗಡಿಯಾರ ನೋಡಿರಲಿಲ್ಲ.